ಬಿಣಗಾದಲ್ಲಿ ಹಿಮ ನಿಲ್ಲುವ ದಿನ

ಮಗಳ ಮದುವೆಯ ಹೂದಾನಿಗಳಿಗೆ ಉದ್ದ ಕಡ್ಡಿಯ ಹೂವನ್ನು ತಾವೇ ಬೆಳೆಯಬೇಕೆಂದು ಕಡಲ ದಂಡೆಯ ಬಿಣಗಾದ ನಿವೃತ್ತ ಸಾಹೇಬರೊಬ್ಬರು ಚಳಿಗಾಲದ ಆರಂಭದಲ್ಲೇ ಅಂಕೋಲೆಯ ನನ್ನ ಬೀಜದಂಗಡಿಗೆ ಬಂದರು. ಕೈಯಲ್ಲಿ ವಿದೇಶಿ ಬೀಜದ ಪೊಟ್ಟಣ.

“ಮನೆಯೊಳಗೆ ಸಸಿ ಮಾಡಿ, ಹಿಮ ನಿಂತ ಮೇಲೆ ಹೊರಗೆ ನೆಡಿ ಅಂತ ಬರೆದದೆ. ನಮ್ಮಲ್ಲಿ ಹಿಮ ಯಾವಾಗ ನಿಲ್ತದೆ?”

ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಶಿವರಾತ್ರಿಗೆ, ಸಾಹೇಬ್ರೆ” ಅಂದೆ, ನಗದೆ.

ಶಿವರಾತ್ರಿ ಕಳೆದ ಮೇಲೆ ಅವರ ಮನೆಗೆ ಹೋದೆ. ಮಲಗುವ ಕೋಣೆಯ ತುಂಬ ಬಿಳಿಚಿದ ಸಸಿಗಳು ಕಿಟಕಿಯತ್ತ ವಾಲಿದ್ದವು. ಹೆಂಡತಿ ಚಾಪೆ ಸಮೇತ ಜಗಲಿಗೆ ಗಡೀಪಾರಾಗಿದ್ದರು.

“ನಮ್ಮೂರಲ್ಲಿ ಎಂಥ ಹಿಮ, ಅಣ್ಣಾ?” ಎಂದು ಅವರು ನನ್ನನ್ನೇ ಕೇಳಿದರು.

ಸಾಹೇಬರು ಗದರಿದರು, “ಸುಮ್ನಿರು. ಇವರು ಹೇಳಿದ್ದು ಸುಳ್ಳಾಗಲಿಲ್ಲ. ಶಿವರಾತ್ರಿ ಆದ ಮೇಲೆ ಒಂದು ಹನಿ ಹಿಮ ಬಿದ್ದದ್ಯಾ?”

ಮದುವೆಯ ದಿನ ಹೂದಾನಿಗಳಲ್ಲಿ ಪ್ಲಾಸ್ಟಿಕ್ ಹೂಗಳಿದ್ದವು. ನನಗೆ ಮಾತ್ರ ಮುಂದಿನ ಸಾಲಿನ ಕುರ್ಚಿ. ಹವಾಮಾನ ಬಲ್ಲವರು ಎಂದು ಸಾಹೇಬರು ಬೀಗರಿಗೆ ಪರಿಚಯಿಸಿದರು.