ಸೆರಗಿನ ಗಂಟಿನಲ್ಲಿ ಫ್ಯೂಜು

ಕಾಗವಾಡದ ಒಣದ್ರಾಕ್ಷಿ ಶೆಡ್ಡಿನಲ್ಲಿ ನಾನು ತೂಕ ನೋಡುತ್ತಿದ್ದೆ. ಅಲ್ಲಿನ ಮೋಟಾರುಗಳ ವೈರಿಂಗ್ ನೋಡಿಕೊಳ್ಳುತ್ತಿದ್ದ ವೈರ್‌ಮನ್‌ನ ಮುಖ ಸರಿಯಾಗಿ ನೆನಪಾಗುತ್ತಿಲ್ಲ. ಮೀಸೆ ಇತ್ತೋ, ಅದನ್ನು ಆಮೇಲೆ ನಾನೇ ಅಂಟಿಸಿದೆನೋ. ಟೆಸ್ಟರ್‌ನಿಂದ ಕಿವಿ ಕೆರೆಯುವ ಅವನ ಚಟ ಮಾತ್ರ ಖಚಿತ. ಮತ್ತೆ ಈ ಮಾತು: "ಕೈ ಯಾರದ ಒಳಗ ಹೋಗತೈತಿ, ಫ್ಯೂಜ್ ಅವ್ರ ಕಡೆ."

ದ್ರಾಕ್ಷಿಯ ತೊಟ್ಟು ಬಿಡಿಸುವ ಮಷೀನಿನ ರೋಲರಿನಲ್ಲಿ ಕಡ್ಡಿ ಸಿಕ್ಕಿದಾಗಲೆಲ್ಲ ಅವನು ಮೋಟಾರಿನ ಪಿಂಗಾಣಿ ಫ್ಯೂಜುಗಳನ್ನು ಕಿತ್ತು, ಕಡ್ಡಿ ಬಿಡಿಸುವ ಹೆಂಗಸಿಗೇ ಕೊಡುತ್ತಿದ್ದ. ಅವಳು ಅವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಕೈ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಕೈ ಮೊಣಕೈವರೆಗೆ ಒಳಗಿದ್ದಾಗ ಮಾಲಕರು ಬಂದರು. ಸಾಂಗ್ಲಿಯ ಗಾಡಿ ಕಾಯುತ್ತಿತ್ತು. "ಮಷೀನ್ ಯಾಕ ಬಂದ್ ಐತಿ?" ಎನ್ನುತ್ತ, ಆಚೆ ಬದಿಗಿದ್ದ ಅವಳನ್ನು ನೋಡದೆ ಹಸಿರು ಗುಂಡಿ ಒತ್ತಿಬಿಟ್ಟರು. ಗೋಡೆಯ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಟಕ್ ಎಂದಿತು. ರೋಲರು ಮಿಸುಕಲಿಲ್ಲ.

ಅವಳು ಕೈ ಹೊರಗೆಳೆದು ಎದ್ದಳು. "ಯಾರ ಒತ್ತಿದವ್ರು?"

ಮಾಲಕರು ಗುಂಡಿಯಿಂದ ಕೈ ತೆಗೆದು ಗಾಡಿಯ ಕಡೆ ತಿರುಗಿದರು.

"ನಾನ ಅಕ್ಕಾ," ಎಂದ ವೈರ್‌ಮನ್. "ಟೆಸ್ಟಿಂಗ್ ಮಾಡಾಕತ್ತಿದ್ದೆ."

"ನಿನ್ನ ಟೆಸ್ಟಿಂಗಿಗೆ ನನ್ನ ಕೈನ ಬೇಕಾಗಿತ್ತೇನಲೇ?"

ಅವನು ಬೈಸಿಕೊಂಡು ನಿಂತ. ಮಾಲಕರನ್ನು ಉಳಿಸಿದನೋ, ಅವಳ ಕೆಲಸವನ್ನೋ, ತನ್ನದನ್ನೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದಾಗ ನಕ್ಕನೆಂದು ನೆನಪು; ಬಹುಶಃ ನಾನು ಕೇಳಲೇ ಇಲ್ಲ.

ಮುಂದಿನ ಸಲ ಕಡ್ಡಿ ಸಿಕ್ಕಾಗ ಅವಳು ಫ್ಯೂಜು ಇಸಿದುಕೊಂಡು, "ನೀ ಹೊರಗ ಹೋಗಿ ನಿಂದ್ರು," ಎಂದಳು. ಅವನು ಹೋಗಿ ಬಿಸಿಲಲ್ಲಿ ನಿಂತ. ಗುಂಡಿ ಕಾಯಲು ಅವಳು ಮಾಲಕರನ್ನು ನಿಲ್ಲಿಸಿಕೊಂಡಳು.