ಮೀನು ಶಾಂತ ಮಾಡಿದ ಕಾಕಾ

ಹೋದ ವಾರ ದವಡೆ ಹಲ್ಲು ನೋಯುತ್ತಿತ್ತೆಂದು ರಬಕವಿಗೆ, ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಅರಳೆಯ ತುಣುಕನ್ನು ಯಾವುದೋ ಬಾಟಲಿಯಲ್ಲಿ ಅದ್ದಿ ಹಲ್ಲಿಗೆ ಒತ್ತಿದರು. ಘಾಟು ಮೂಗಿಗೆ ಬಡಿಯಿತು. “ಏನ್ರೀ ಇದು?” ಎಂದು ಅವರ ಕೈ ಹಿಡಿದೆ. ಕೇಳದೆ ಬಾಯಿಗೆ ಹಾಕಿಸಿಕೊಳ್ಳುವ ಹೆಂಗಸಲ್ಲ ನಾನು. “ಲವಂಗದ ಎಣ್ಣಿರೀ ಅಕ್ಕಾರ” ಎಂದು ಅವರು ನಕ್ಕರು. ನೋವು ಹೋಯಿತು. ಆದರೆ ಬನಹಟ್ಟಿಗೆ ಬಸ್ಸು ಹತ್ತಿ ಮನೆ ಮುಟ್ಟುವವರೆಗೂ ಆ ವಾಸನೆಯ ಜೊತೆಗೆ ಕಂಪೌಂಡರ್ ಕಾಕಾ ನನ್ನ ಪಕ್ಕದಲ್ಲೇ ಕುಳಿತಿದ್ದರು. ಇಪ್ಪತ್ತು ವರ್ಷದ ಮೇಲಾಗಿತ್ತು ಅವರನ್ನು ನೆನೆದು…

ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಬೀಳಗಿ ಕಡೆಯ ಅವರ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಊರಿನವರೆಲ್ಲ ಪುನರ್ವಸತಿಯ ಜಾಗದಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದಾಗ ಇವರೊಬ್ಬರೇ ಬಂದು ನಮ್ಮ ಬಾಜೂ ಮನೆ ಬಾಡಿಗೆ ಹಿಡಿದರು. ಅಷ್ಟು ಸಾಕಾಗಿತ್ತು ನನಗೆ. ಒಂಟಿ ಗಂಡಸು, ತನ್ನವರನ್ನು ಬಿಟ್ಟು ನೇಕಾರರ ಓಣಿಗೆ ಯಾಕೆ ಬಂದ? ಕೈಯಲ್ಲಿ ಸದಾ ಒಂದು ಖಾಕಿ ಚೀಲ. ಓಣಿಯಲ್ಲಿ ಎಮ್ಮೆಗೋ ಆಡಿಗೋ ಜಡ್ಡು ಜೋರಾದರೆ ಅವರನ್ನು ಕರೆಯುತ್ತಿದ್ದರು. ಅವರು ಹೋಗಿ ಬಂದ ಮನೆಯ ಜಾನುವಾರು ಎಷ್ಟೋ ಸಲ ಮರುದಿನ ಇರುತ್ತಿರಲಿಲ್ಲ. ಎಲ್ಲ ಔಷಧಿ ಮುಗಿದ ಮೇಲೆ, ಕಟ್ಟಕಡೆಗೆ ಅವರನ್ನು ಕರೆಯುತ್ತಾರೆ ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆಗ ನಮ್ಮ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು, ಅದರಲ್ಲಿ ಒಂದೇ ಒಂದು ಕೆಂಪು ಮೀನು. ನಮ್ಮ ಮನೆಯವರಿಗೆ ಹೊಟ್ಟೆಯ ಬೇನೆ ಶುರುವಾದಾಗ ಜಮಖಂಡಿ ಪೇಟೆಯಿಂದ ತಂದದ್ದು. ಅಂಗಡಿಯವ ನನಗೆ ಹೇಳಿದ್ದ: “ಮನಿ ಮ್ಯಾಲಿನ ಕಂಟಕಾ ಮೀನ ತಾ ತಗೋತೈತ್ರಿ.” ನಾನು ಅದಕ್ಕೆ ನನ್ನದೂ ಒಂದಿಷ್ಟು ಸೇರಿಸಿಕೊಂಡೆ. ಮೀನು ಇರುವತನಕ ಕಂಟಕ ಅದರ ಮೇಲೆ ಇರುತ್ತದೆ, ಅದು ಸತ್ತರೆ ತಿರುಗಿ ನನ್ನ ಗಂಡನ ಮೇಲೆ ಬೀಳುತ್ತದೆ ಎಂದುಕೊಂಡೆ. ದಿನಾ ಮುಂಜಾನೆ ದೇವರಿಗಿಂತ ಮೊದಲು ಮೀನಿನ ಮುಖ ನೋಡುತ್ತಿದ್ದೆ. ಕಾಕಾ ಪೇಪರ್ ಓದಲು ಬಂದಾಗ ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರೆ ದೃಷ್ಟಿ ತಾಗೀತೆಂದು ಹೆದರುತ್ತಿದ್ದೆ. ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆ.

ಬೇನೆ ಹೆಚ್ಚಾಗಿ ಮನೆಯವರನ್ನು ಮಿರಜದ ದೊಡ್ಡ ದವಾಖಾನೆಗೆ ಒಯ್ದರು. ಮೈದುನ ಜೊತೆಗೆ ಹೋದ. ಮನೆಯ ಹಿಂದಿನ ಎರಡೂ ಮಗ್ಗ ನಿಂತವು. ಆ ಸಪ್ಪಳವಿಲ್ಲದ ಮನೆಯಲ್ಲಿ ನಾನು ಮೊದಲ ಸಲ ಇದ್ದದ್ದು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದೇ ಹೊತ್ತಿಗೆ ಮೀನೂ ಜಡ್ಡು ಬಿದ್ದಿತು. ಹೊಟ್ಟೆ ಉಬ್ಬಿತು, ಮೈಮೇಲಿನ ಹುರುಪೆಗಳೆಲ್ಲ ನಿಮಿರಿ ನಿಂತವು. ಮಗುಚಿ ಬಿದ್ದು ನೀರಿನ ಮೇಲೆ ತೇಲುತ್ತ ಒಂದೇ ಸಮನೆ ಬಾಯಿ ತೆರೆಯುತ್ತಿತ್ತು. ಐದು ದಿನ ಹಾಗೇ ಇತ್ತು. ನಾನು ಕಾಳು ಹಾಕುತ್ತಲೇ ಇದ್ದೆ, ಅದು ತಿನ್ನಲಿಲ್ಲ. ಉಳಿ, ಇನ್ನೆರಡು ದಿನ ಉಳಿ ಎಂದು ಗಾಜಿಗೆ ಹಣೆ ಹಚ್ಚಿ ಬೇಡಿಕೊಳ್ಳುತ್ತಿದ್ದೆ.

ಆಪರೇಷನ್ ದಿನ ಮುಂಜಾನೆ ಕಾಕಾ ಬಂದರು. ತೊಟ್ಟಿಯನ್ನು ನೋಡಿ ಪೇಪರ್ ಮಡಚಿ ಇಟ್ಟರು.

“ತಂಗಿ, ಇದು ಭಾಳ ತ್ರಾಸ ತಗೊಳ್ಳಾಕತ್ತೈತಿ. ಇನ್ನ ಆರಾಮ ಆಗೂದಿಲ್ಲ. ಶಾಂತ ಮಾಡೂಣೇನು?”

ಹಿಂದಿನ ದಿನವಷ್ಟೇ ಮಠದ ಐನೋರು ಮನೆಯವರ ಹೆಸರಿನಲ್ಲಿ ಒಂದು ಶಾಂತಿ ಮಾಡಿಸಲು ಹೇಳಿದ್ದರು. ನನ್ನ ತಲೆ ತುಂಬ ಅದೇ ಇತ್ತು. ಇವರಿಗೂ ಏನೋ ಶಾಂತಿ ಗೊತ್ತಿದೆ, ಮೀನಿಗೆ ಮಾಡಿದರೆ ನನ್ನ ಗಂಡನಿಗೂ ತಾಗುತ್ತದೆ ಎಂದುಕೊಂಡೆ. “ಮಾಡ್ರಿ ಕಾಕಾ, ಲಗೂನ ಮಾಡ್ರಿ” ಎಂದೆ.

“ನಿನ್ನ ಮನಸ್ಸಿಗೆ ಬಂದ್ರಷ್ಟ ಮಾಡೂದು.”

“ಬಂದೈತ್ರಿ.”

ಅವರು ಮನೆಗೆ ಹೋಗಿ ಖಾಕಿ ಚೀಲ ತಂದರು. ಬೋಗುಣಿಯಲ್ಲಿ ತೊಟ್ಟಿಯದೇ ನೀರು ತುಂಬಿ ಮೀನನ್ನು ಎರಡೂ ಅಂಗೈಯಲ್ಲಿ ಎತ್ತಿ ಬಿಟ್ಟರು. ಸಣ್ಣ ಬಾಟಲಿಯಲ್ಲಿ ಬೆಚ್ಚನೆಯ ನೀರು, ಕೆಲವು ಹನಿ ಲವಂಗದ ಎಣ್ಣೆ ಹಾಕಿ ಹಾಲಿನಂತೆ ಬೆಳ್ಳಗಾಗುವವರೆಗೆ ಅಲುಗಾಡಿಸಿದರು. ಅದನ್ನು ಬೋಗುಣಿಯ ಅಂಚಿನಿಂದ ಮೆಲ್ಲಗೆ ಬಿಡುತ್ತ ಬೆರಳಿನಿಂದ ನೀರು ಕಲಕಿದರು. ಪಡಸಾಲೆ ತುಂಬ ಘಾಟು. ಮೀನಿನ ಬಾಯಿ ನಿಧಾನವಾಯಿತು. ಐದು ದಿನದಲ್ಲಿ ಮೊದಲ ಸಲ ಅದು ಒದ್ದಾಡದೆ ಮಲಗಿತು. ನಾನು ಕೈಮುಗಿದೆ. ಕಾಕಾ ಗಡಿಯಾರ ನೋಡಿ ಮತ್ತೆ ಬಾಟಲಿ ಎತ್ತಿದರು. ಈ ಸಲ ಎಣ್ಣೆ ಹೆಚ್ಚಿತ್ತು.

“ಮಲಗೇತಲ್ರಿ, ಮತ್ತ್ಯಾಕ ಹಾಕ್ತೀರಿ?”

“ಎಚ್ಚರಾಗಿ ಮತ್ತ ನೋವು ತಿನ್ನಬಾರದವ್ವಾ. ನಿದ್ದಿಯೊಳಗ ಹೋಗ್ಲಿ.”

ಆಗ ತಿಳಿಯಿತು. ನಮ್ಮಲ್ಲಿ ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ದಿನಾ ಸಂಜೆ ನನ್ನ ಬಾಯಿಂದಲೇ ಬರುವ ಮಾತು ಅದು. ನಾನು ಬೋಗುಣಿಗೆ ಕೈ ಹಾಕಿದೆ, ಮೀನು ಮೆತ್ತಗೆ ಬೆರಳಿಗೆ ಹತ್ತಿತು, ಅಲುಗಲಿಲ್ಲ.

“ನನ್ನ ಗಂಡನ್ನ ಕೊಂದ್ರಿ ನೀವು” ಎಂದೆ.

ಕಾಕಾಗೆ ಏನೂ ಅರ್ಥವಾಗಲಿಲ್ಲ. “ಎರಡ ಸಲಾ ಕೇಳಿದ್ನಲ್ಲ ತಂಗಿ” ಎಂದಷ್ಟೇ ಹೇಳಿ, ಮತ್ತೂ ಅರ್ಧ ತಾಸು ಬೋಗುಣಿಯ ಪಕ್ಕದಲ್ಲೇ ಕುಳಿತರು. ಪೂರ್ತಿ ಜೀವ ಹೋದದ್ದು ಖಾತ್ರಿಯಾಗದೆ ಏಳಲಿಲ್ಲ. ಎಂಥ ಕಲ್ಲು ಮನಸ್ಸು ಎಂದು ಅವರ ಬೆನ್ನನ್ನೇ ದುರುಗುಟ್ಟಿ ನೋಡಿದೆ.

ಸಂಜೆ ಮೈದುನನ ಫೋನ್ ಬಂತು. ಆಪರೇಷನ್ ಛಲೋ ಆಗಿತ್ತು. ಅದಕ್ಕಾದರೂ ಮನಸ್ಸು ತಿಳಿಯಾಗಬೇಕಿತ್ತು. ಆಗಲಿಲ್ಲ. ದೇವರು ದೊಡ್ಡವನು, ಇವರ ಆಟ ನಡೆಯಲಿಲ್ಲ ಎಂದುಕೊಂಡೆ. ಮರುದಿನ ನಳದ ಹತ್ತಿರ ನಿಂತ ಹೆಂಗಸರಿಗೆಲ್ಲ ಹೇಳಿದೆ. ನಮ್ಮ ಮೀನು ಕೊಂದ, ಎದುರಿಗೆ ಕುಳಿತು ಸಾಯುವುದನ್ನು ನೋಡಿದ ಎಂದೆ. ನಾನು ಹೂಂ ಅಂದದ್ದನ್ನು ಮಾತ್ರ ಹೇಳಲಿಲ್ಲ. ಮರೆತೆನೆಂದು ಈಗ ಹೇಳಿದರೆ ಅದೂ ಸುಳ್ಳು.

ಓಣಿ ಅವರಿಗೆ ಹೊಸ ಹೆಸರಿಟ್ಟಿತು: ಮೀನ ಕೊಂದಾಂವ. ಅದಾದ ಮೇಲೆ ಎದುರು ಮನೆಯ ಎಮ್ಮೆ ಕರು ಹಾಕಲಾರದೆ ಬಿದ್ದಾಗ ಯಾರೂ ಕಾಕಾರನ್ನು ಕರೆಯಲಿಲ್ಲ. ಡಾಕ್ಟರು ಬಂದು ಕೈಚೆಲ್ಲಿ ಹೋಗಿದ್ದರು. ಎರಡು ದಿನ ಅದು ಒದರಿದ್ದು ಇಡೀ ಓಣಿಗೆ ಕೇಳಿಸಿತು. ಕಾಕಾ ಖಾಕಿ ಚೀಲ ಹಿಡಿದು ತಮ್ಮ ಬಾಗಿಲಲ್ಲಿ ನಿಂತಿದ್ದರು, ಕರೆದಾರೆಂದು. ಕರೆಯಲಿಲ್ಲ. ಅದು ಸತ್ತ ವಾರದಲ್ಲೇ ಮನೆ ಖಾಲಿ ಮಾಡಿದರು.

ಮನೆಯವರು ಮಿರಜದಿಂದ ಬಂದು ಖಾಲಿ ತೊಟ್ಟಿ ನೋಡಿದರು. ಅವರಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದೆ. “ದವಾಖಾನ್ಯಾಗ ನನ್ನ ಬಾಜೂ ಕಾಟಿನ ಮನಶ್ಯಾ ಒಂಬತ್ತ ದಿನಾ ಒದರಿ ಸತ್ತಾ. ನಮ್ಮ ಮೀನಾ ಪುಣ್ಯಾ ಮಾಡಿತ್ತು ಬಿಡು” ಎಂದರು. ಕಾಕಾರನ್ನು ಹುಡುಕಿ ಕರೆದುಕೊಂಡು ಬರೋಣ ಎಂದರು. ಇವತ್ತು ನಾಳೆ ಎಂದು ನಾನೇ ಮುಂದೂಡಿದೆ. ಕೆಲವು ವರ್ಷದ ಮೇಲೆ ಬೀಳಗಿಗೆ ಮದುವೆಗೆ ಹೋದಾಗ ವಿಚಾರಿಸಿದೆ. ನಮ್ಮ ಓಣಿ ಬಿಟ್ಟ ವರ್ಷದ ಚಳಿಗಾಲದಲ್ಲೇ ತೀರಿಕೊಂಡಿದ್ದರಂತೆ.

ಹಲ್ಲು ತೋರಿಸಿ ಬಂದ ಸಂಜೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಎದುರು ಮನೆಗೆ ಹೋದೆ. ಆ ಎಮ್ಮೆಯ ಮನೆಯಾಕೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ಹೇಳಿದೆ, “ಅವತ್ತ ಕಂಪೌಂಡರ್ ಕಾಕಾಗ ಹೂಂ ಅಂದಾಕಿ ನಾನ. ಅವರು ಕೇಳೇ ಮಾಡಿದ್ರು.”

“ಯಾವ ಕಾಕಾ?” ಎಂದಳು.

ಬೀಳಗಿಯವರು, ನಮ್ಮ ಬಾಜೂ ಇದ್ದರಲ್ಲ, ಒಬ್ಬರೇ ಇರುತ್ತಿದ್ದರಲ್ಲ, ನಿಮ್ಮ ಆಡಿನ ಮುರಿದ ಕಾಲು ಕಟ್ಟಿದ್ದರಲ್ಲ ಎಂದು ಒಂದೊಂದೇ ಹೇಳಿದೆ. ಅವಳು ಕಣ್ಣು ಸಣ್ಣದು ಮಾಡಿ ಯೋಚಿಸಿದಳು. ಆಮೇಲೆ ನೆನಪಾಯಿತು.

“ಹಾಂ… ಆ ಮೀನ ಕೊಂದಾಂವ ಏನು?”