ಪಾಸ್‌ವರ್ಡ್ ಆದ ಶಾರದಕ್ಕನ ಜಾಡಿ

ಹೋದ ವರ್ಷ ಆಷಾಢ ಕಳೆದು ಶ್ರಾವಣ ಹುಟ್ಟಿದ ವಾರ ನಡೆದದ್ದು ಇದು. ಶ್ರಾವಣ ಬಂತೆಂದರೆ ಬನಶಂಕರಿಯ ನಮ್ಮ ಮನೆಯ ಫೋನಿಗೆ ಪುರುಸೊತ್ತಿಲ್ಲ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಪರಿಚಯದವರ ಮಕ್ಕಳಿಗೆ ಗಂಡು-ಹೆಣ್ಣು ಹೊಂದಿಸುವುದು ನನ್ನ ಹವ್ಯಾಸ. ನನಗೆ ಕೇಳುವ ಚಟ, ಜನರಿಗೆ ಹೇಳಿಕೊಳ್ಳುವ ಆಸೆ, ಹಾಗಾಗಿ ಚೆನ್ನಾಗಿಯೇ ನಡೆದಿತ್ತು. ಜಾತಕ, ಫೋಟೋ, ಜೊತೆಗೆ ತಾಯಂದಿರು ದನಿ ತಗ್ಗಿಸಿ "ಇದು ನಿಮ್ಮಲ್ಲೇ ಇರ್ಲಿ ಟೀಚರ್" ಎಂದು ಹೇಳಿದ್ದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟು, ಒಂದು ಪೆನ್ ಡ್ರೈವಿಗೂ ಹಾಕಿಕೊಂಡು ಓಡಾಡುತ್ತಿದ್ದೆ.

ಅದನ್ನು ನೋಡಿ ಹೌಹಾರಿದವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ದೀಪ್ತಿ.

"ಆಂಟಿ, ಇದು ಕಳೆದ್ರೆ ಅಷ್ಟೂ ಜನರ ಗುಟ್ಟು ಬೀದಿಗೆ ಬರತ್ತೆ. ಕೊಡಿ, ಎನ್‌ಕ್ರಿಪ್ಟ್ ಮಾಡ್ಕೊಡ್ತೀನಿ."

"ಅಂದ್ರೆ ಬೀಗ ಹಾಕೋದಾ?"

"ಬೀಗ ಒಡೆದ್ರೆ ಒಳಗಿರೋದು ಸಿಗತ್ತೆ. ಇದ್ರಲ್ಲಿ ಒಳಗಿರೋ ಅಕ್ಷರಗಳನ್ನೇ ಕಲಸಿಬಿಡೋದು. ಪಾಸ್‌ವರ್ಡ್ ಕೊಟ್ರೆ ಮಾತ್ರ ಮತ್ತೆ ಜೋಡ್ಸ್ಕೊಳತ್ತೆ."

"ಓ, ನಮ್ಮ ಕ-ಭಾಷೆ!" ಎಂದೆ ನಾನು. ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯಬಾರದೆಂದು ನಾವು ಹುಡುಗಿಯರು ಪ್ರತಿ ಅಕ್ಷರಕ್ಕೂ ಮೊದಲು ಒಂದು 'ಕ' ಸೇರಿಸಿ ಮಾತಾಡುತ್ತಿದ್ದೆವು. 'ನೀನು ಬಾ' ಎನ್ನಲು 'ಕನೀ ಕನು ಕಬಾ'.

ದೀಪ್ತಿ ನಕ್ಕಳು. "ಅದನ್ನ ಯಾರು ಬೇಕಾದ್ರೂ ಬಿಡಿಸ್ತಾರೆ ಆಂಟಿ. ಇದನ್ನ ಆಗಲ್ಲ. ನೀವು ಉದ್ದದ್ದೊಂದು ಪಾಸ್‌ವರ್ಡ್ ಯೋಚ್ನೆ ಮಾಡಿ. ಯಾರೂ ಊಹಿಸ್ಬಾರ್ದು."

ಅವಳು ಆಚೆ ತಿರುಗಿದಾಗ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದೆ: 'ಶಾರದಕ್ಕನ ಜಾಡಿ ಒಡೆದವಳು ನಾನು'. ಶಾರದಕ್ಕ ನನ್ನ ದೊಡ್ಡಪ್ಪನ ಮಗಳು. ನಾನು ಹತ್ತು ವರ್ಷದವಳಿದ್ದಾಗ ಅವಳ ಉಪ್ಪಿನಕಾಯಿ ಜಾಡಿ ಒಡೆದು ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿದ್ದೆ. ಐವತ್ತು ವರ್ಷದಿಂದ ಯಾರಿಗೂ ಬಾಯಿ ಬಿಟ್ಟಿಲ್ಲ. ಇದಕ್ಕಿಂತ ಭದ್ರವಾದ ಪಾಸ್‌ವರ್ಡ್ ಎಲ್ಲಿ ಸಿಗುತ್ತದೆ?

ಆದರೆ ಮರೆತುಹೋದರೆ ಎಂಬ ಭಯ. ಆ ವಾಕ್ಯವನ್ನೇ ಕ-ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆದು, ಪೆನ್ ಡ್ರೈವಿಗೇ ದಾರದಲ್ಲಿ ಕಟ್ಟಿದೆ. ಬಹಳ ಜಾಣತನ ಮಾಡಿದೆನೆಂದೇ ಅಂದುಕೊಂಡಿದ್ದೆ.

ಗುರುವಾರ ಕುಮಾರಸ್ವಾಮಿ ಲೇಔಟಿನ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ ಎರಡು ಜಾತಕ ಪ್ರಿಂಟ್ ತೆಗೆಸಿದೆ. ಅಲ್ಲಿಂದ ತರಕಾರಿ, ಆಮೇಲೆ ಬಸ್ಸು. ಮನೆಗೆ ಬಂದು ಚೀಲ ಸುರಿದರೆ ಪೆನ್ ಡ್ರೈವ್ ಇಲ್ಲ. ಅಂಗಡಿಯಲ್ಲಿ ಚೀಲಕ್ಕೆ ಹಾಕಿಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು, ಅಥವಾ ನೆನಪಿದೆ ಎಂದುಕೊಂಡಿದ್ದೆ. ಹಾಗಾಗಿ ತರಕಾರಿಯವರನ್ನು, ಬಸ್ ಡಿಪೋದವರನ್ನು ಕೇಳಿ ಬಂದೆ. ಎಲ್ಲೂ ಇಲ್ಲ.

"ಯೋಚ್ನೆ ಬಿಡಿ ಆಂಟಿ," ಎಂದಳು ದೀಪ್ತಿ. "ಎನ್‌ಕ್ರಿಪ್ಟ್ ಆಗಿದೆಯಲ್ಲ. ಪಾಸ್‌ವರ್ಡ್ ಇಲ್ದೆ ಯಾರಿಗೂ ಏನೂ ಸಿಗಲ್ಲ."

"ಪಾಸ್‌ವರ್ಡ್ ಅದಕ್ಕೇ ಕಟ್ಟಿದೀನಿ ಕಣೆ."

ಅವಳು ಕೈಯಲ್ಲಿದ್ದ ಫೋನ್ ಕೆಳಗಿಟ್ಟು ನನ್ನತ್ತ ತಿರುಗಿದಳು.

"ಕ-ಭಾಷೇಲಿ ಬರ್ದಿದೀನಿ," ಎಂದೆ ಮೆತ್ತಗೆ.

"ಅದು ಎಷ್ಟು ಜನಕ್ಕೆ ಬರತ್ತೆ?"

"ನನ್ನ ವಯಸ್ಸಿನ ಹೆಂಗಸರಿಗೆಲ್ಲ ಬರತ್ತೆ."

ಅವತ್ತು ಊಟ ಸೇರಲಿಲ್ಲ. ಮಿಕ್ಕವರದಿರಲಿ, ನನ್ನನ್ನು ಸುಟ್ಟದ್ದು, ನಾನು ಗಂಡು ನೋಡಿಕೊಟ್ಟಿದ್ದ ವಿನುತಾಳ ಚಿಂತೆ. ಆ ಹುಡುಗಿಗೆ ಚಿಕ್ಕಂದಿನಿಂದ ಫಿಟ್ಸ್, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಭಾನುವಾರ ಹುಡುಗನನ್ನು ಭೇಟಿಯಾಗುವವಳಿದ್ದಳು. "ನಾನೇ ಅವ್ರಿಗೆ ಹೇಳ್ತೀನಿ ಟೀಚರ್, ಬೇರೆಯವ್ರ ಬಾಯಿಂದ ಗೊತ್ತಾಗೋದು ಬೇಡ" ಎಂದು ಕೈ ಹಿಡಿದು ಕೇಳಿಕೊಂಡಿದ್ದಳು. ನಾನು ಅದನ್ನು ಬರೆದಿಡಬೇಕಾದ ಅಗತ್ಯವಾದರೂ ಏನಿತ್ತು?

ಶನಿವಾರ ಮತ್ತೊಂದು ಜಾತಕದ ಪ್ರಿಂಟ್ ಬೇಕೆಂದು, ಅದನ್ನು ಫೋನಿಗೆ ಹಾಕಿಸಿಕೊಂಡು, ಅದೇ ಜೆರಾಕ್ಸ್ ಅಂಗಡಿಗೆ ಹೋದೆ. ಬಾಗಿಲ ಗಾಜಿನ ಮೇಲೆ, 'ಚಿಲ್ಲರೆ ಕೊಟ್ಟು ಸಹಕರಿಸಿ' ಬೋರ್ಡಿನ ಪಕ್ಕದಲ್ಲಿ, ದಪ್ಪ ಅಕ್ಷರದ ಒಂದು ಕಾಗದ ಅಂಟಿಸಿತ್ತು:

'ಕಶಾ ಕರ ಕದ ಕಕ್ಕ ಕನ ಕಜಾ ಕಡಿ ಕಇ ಕಲ್ಲಿ ಕದೆ.'

ಶಾರದಕ್ಕನ ಜಾಡಿ ಇಲ್ಲಿದೆ! ಫುಟ್‌ಪಾತಿನಲ್ಲೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಒಳಗೆ ಕೂತಿದ್ದ ಅಂಗಡಿಯಾಕೆ, ಐವತ್ತು ದಾಟಿದ ಹೆಂಗಸು, ತಲೆಯೆತ್ತಿ ನೋಡಿದವರೇ ಡ್ರಾ ಎಳೆದು ಪೆನ್ ಡ್ರೈವ್ ಮುಂದಿಟ್ಟರು.

"ಯಾರು ಇದನ್ನ ಓದಿ ನಗ್ತಾರೋ ಅವ್ರದ್ದೇ ಅಂತ ಗೊತ್ತಿತ್ತು. ಎರಡು ದಿನದಿಂದ ಬಂದೋರೆಲ್ಲ ಇದು ಯಾವ ಭಾಷೆ ಅಂತ ಕೇಳಿ ಕೇಳಿ ಸಾಕಾಯ್ತು. ಕಂಪ್ಯೂಟರಲ್ಲೇ ಬಿಟ್ಟು ಹೋಗಿದ್ರಿ ಮೇಡಂ."

ಪೆನ್ ಡ್ರೈವನ್ನು ಕೈಗೆ ತೆಗೆದುಕೊಂಡು ಕೇಳಿದೆ: "ತೆಗೆದು ನೋಡಿದ್ರಾ?"

ಅವರು ನನ್ನ ಮುಖವನ್ನೇ ನೋಡಿ ಹೇಳಿದರು: "ಕನಾ ಕನು ಕನೋ ಕಡ ಕಲಿ ಕಲ್ಲ." ನಾನು ನೋಡಲಿಲ್ಲ!

ಆಮೇಲೆ ಸಣ್ಣಗೆ ನಕ್ಕರು. "ಆಸೆ ಆಗ್ಲಿಲ್ಲ ಅಂತ ಸುಳ್ ಯಾಕೆ ಹೇಳ್ಲಿ? ತೆಗೆದಿದ್ರೆ ನಿಮ್ ನಂಬರ್ ಬೇಗ ಸಿಕ್ತಿತ್ತೇನೋ. ಆದ್ರೆ ಇಷ್ಟು ಕಷ್ಟಪಟ್ಟು ಬಚ್ಚಿಟ್ಟಿರೋದನ್ನ ನೋಡೋದು ಸರಿ ಅಲ್ಲ ಅನ್ನಿಸ್ತು. ಒಂದೇ ಒಂದು ಹೇಳಿಬಿಡಿ ಮೇಡಂ, ಎರಡು ದಿನದಿಂದ ತಲೆ ಕೊರೀತಿದೆ. ಜಾಡಿ ಯಾಕೆ ಒಡೆದ್ರಿ?"

ಹೇಳಿದೆ. ಐವತ್ತು ವರ್ಷದ ಗುಟ್ಟನ್ನು ಜೆರಾಕ್ಸ್ ಮಿಷನ್ನಿನ ಪಕ್ಕ ನಿಂತು, ಹೆಸರೂ ಗೊತ್ತಿಲ್ಲದವರಿಗೆ ಹೇಳಿದೆ.

ಮರುದಿನ ವಿನುತಾ ತನ್ನ ಮಾತನ್ನು ತಾನೇ ಹುಡುಗನಿಗೆ ಹೇಳಿದಳು. ಅವನು ಯೋಚಿಸಲು ಒಂದು ವಾರ ಕೇಳಿದನಂತೆ. ಮುಂದೇನಾಯಿತು ಎಂಬುದು ಅವರಿಬ್ಬರದ್ದು, ಇಲ್ಲಿ ಬರೆಯುವುದಿಲ್ಲ. ನನ್ನಲ್ಲಿ ಬರೆದಿಟ್ಟಿದ್ದ ಅಂಥ ಗುಟ್ಟಿನ ಮಾತುಗಳನ್ನೆಲ್ಲ ನಾನು ಅಳಿಸಿಹಾಕಿದೆ. ದೀಪ್ತಿ ನಿಂತು ಪಾಸ್‌ವರ್ಡ್ ಬದಲಾವಣೆ ಮಾಡಿಸಿದಳು, ಹೊಸದಕ್ಕೆ ಚೀಟಿ ಇಲ್ಲ.

ಹಳೆಯ ಗುಟ್ಟು ಈಗ ಯಾವ ಕೆಲಸಕ್ಕೂ ಬಾರದ್ದಾಯಿತಲ್ಲ, ಶಾರದಕ್ಕನಿಗೇ ಫೋನ್ ಮಾಡಿದೆ. ಎಪ್ಪತ್ತೆಂಟರ ಜೀವ, ಜಯನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ತಡವರಿಸುತ್ತಾ ಎಲ್ಲ ಒಪ್ಪಿಕೊಂಡೆ.

"ಗೊತ್ತಿತ್ತು ಕಣೇ," ಎಂದಳು. "ನಿನ್ ಲಂಗದ ತುದೀಗೆಲ್ಲ ಎಣ್ಣೆ ಮೆತ್ಕೊಂಡಿತ್ತು. ಪಾಪ, ಬೆಕ್ಕಿನ ಮೈಮೇಲೆ ಒಂದ್ ತೊಟ್ಟೂ ಇರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಯಾರಿಗೂ ಯಾಕೆ ಹೇಳ್ಲಿಲ್ಲ?"

"ನಿನ್ನ ಮಾತು, ನೀನೇ ಹೇಳ್ಬೇಕಲ್ವಾ? ಕಾಯ್ತಾ ಇದ್ದೆ."

ನನಗೆ ಕಣ್ಣು ತುಂಬಿ ಬಂತು. ಈಗ ಯಾರಾದರೂ ದನಿ ತಗ್ಗಿಸಿ "ನಿಮ್ಮಲ್ಲೇ ಇರ್ಲಿ" ಎಂದರೆ ನನ್ನ ಕೈ ಪೆನ್ನಿಗೆ ಹೋಗುವುದಿಲ್ಲ.